ಎರಡನೆಯ ಗಾಡಿಯ ಲೆಕ್ಕ
(ಬಾನುಲಿ ಭಾಷಣ)

‘ಅಂದಾಜು’ ಎಂಬ ಮಾತು ನಮ್ಮ ಬಾಯಲ್ಲಿ ಎರಡು ಬಗೆಯಾಗಿ ಬದುಕಿದೆ. ಪಾರಸಿಯಿಂದ ಬಂದ ಈ ಮಾತನ್ನು ದಿನಬಳಕೆಯಲ್ಲಿ ನಾವು ಹೊಣೆಯಿಂದ ಜಾರಿಕೊಳ್ಳುವುದಕ್ಕೆ ಬಳಸುತ್ತೇವೆ. ‘ಅಂದಾಜಿನ ಮೇಲೆ ಹೇಳಿದೆ’ ಎಂದರೆ, ನನ್ನ ಮಾತನ್ನು ಹಿಡಿದು ಜಗ್ಗಬೇಡಿ ಎಂದರ್ಥ. ಬಡಿಗನ ಅಂಗಳದಲ್ಲಿ, ಕಮ್ಮಾರನ ಕುಲುಮೆಯ ಮುಂದೆ, ಗುತ್ತಿಗೆದಾರನ ಕಚೇರಿಯಲ್ಲಿ ಇದೇ ಮಾತು ಹೊಣೆ ಹೊರುವ ಮಾತಾಗುತ್ತದೆ. ಅಲ್ಲಿ ಅಂದಾಜು ಕೊಟ್ಟವನು ಮಾತು ಕೊಟ್ಟವನೇ. ಹೆಚ್ಚು ಹೇಳಿದರೆ ಗಿರಾಕಿ ಹೋಗುತ್ತಾನೆ. ಕಡಿಮೆ ಹೇಳಿದರೆ ಮನೆಯ ತಾಮ್ರ ಹಿತ್ತಾಳೆ ಹೋಗುತ್ತದೆ. ಈ ಎರಡನೆಯ ಅರ್ಥದ ಅಂದಾಜನ್ನು ಕುರಿತು ನಾನು ಇಂದು ಮಾತನಾಡಲಿದ್ದೇನೆ. ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ ತುಸು ವಿಚಿತ್ರವಾಗಿ ತೋರಬಹುದು: ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಕೈಯಾರೆ ಕಟ್ಟುವ ಓಟದ ಮೋಟಾರು ಗಾಡಿ, ಅದಕ್ಕೆ ಬೇಕಾಗುವ ಕಚ್ಚಾಮಾಲಿನ ಬೆಲೆ.

ನಾನು ಬೈಲಹೊಂಗಲದ ಕಡೆಯವನು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಹೆಸರು ಕೇಳಿದೊಡನೆ ಮೋಟಾರು ಗಾಡಿಯ ನೆನಪು ಯಾರಿಗೂ ಬರಲಾರದು. ಕಿತ್ತೂರೆಂದರೆ 1824ರ ಚೆನ್ನಮ್ಮನ ಕಾಳಗ, ಬೈಲಹೊಂಗಲವೆಂದರೆ ಅವಳ ಸಮಾಧಿ ಮತ್ತು ಹತ್ತಿಯ ಪೇಟೆ, ಸವದತ್ತಿಯೆಂದರೆ ಎಲ್ಲಮ್ಮನ ಗುಡ್ಡ ಮತ್ತು ನವಿಲುತೀರ್ಥದ ಅಣೆಕಟ್ಟು, ರಾಮದುರ್ಗವೆಂದರೆ ಹಳೆಯ ಸಂಸ್ಥಾನ ಮತ್ತು ಕೈಮಗ್ಗ. ಆದರೆ ಗಾಲಿಯನ್ನು ಬಲ್ಲವರು ಇಲ್ಲಿ ಮೊದಲಿನಿಂದಲೂ ಇದ್ದಾರೆ. ಭಾರತ ಹುಣ್ಣಿಮೆಯ ಮುನ್ನಾ ದಿನಗಳಲ್ಲಿ ಗುಡ್ಡದ ದಾರಿಯನ್ನು ನೋಡಿದವರಿಗೆ ಚಕ್ಕಡಿಗಳ ಸಾಲೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆಮಣ್ಣಿನಲ್ಲಿ ಹೂತುಕೊಳ್ಳುವ ಗಾಲಿಯನ್ನು ಎಷ್ಟು ದಪ್ಪ ಮಾಡಬೇಕು, ಓಟದ ಶರ್ಯತ್ತಿಗೆ ಕಟ್ಟುವ ಹಗುರಾದ ಗಾಡಿಯಲ್ಲಿ ಎಲ್ಲಿ ಕಟ್ಟಿಗೆ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದು ಈ ಸೀಮೆಯ ಬಡಿಗರಿಗೆ ಹಿರಿಯರಿಂದ ಬಂದ ವಿದ್ಯೆ.

ಅವರು ಅಂದಾಜು ಮಾಡುವ ರೀತಿಯನ್ನು ಒಂದಿಷ್ಟು ಗಮನಿಸಿ. ಗಾಲಿ ಮಾಡಿಸಲು ಬಂದ ರೈತ ‘ಎಷ್ಟಾದೀತು?’ ಎಂದು ಕೇಳಿದರೆ, ಬಲ್ಲ ಬಡಿಗ ಗಾಲಿಯ ಕಡೆಗೆ ನೋಡುವುದಿಲ್ಲ. ಮರದ ಕಡೆಗೆ ನೋಡುತ್ತಾನೆ. ಜಾಲಿಯ ದಿಮ್ಮಿಯಲ್ಲಿ ತೊಗಟೆ ಹೋಗುತ್ತದೆ, ತೊಗಟೆಯ ಒಳಗಿನ ಎಳೆಯ ಕಟ್ಟಿಗೆ ಹೋಗುತ್ತದೆ, ಬಿರುಕು ಬಿಟ್ಟ ತುದಿ ಹೋಗುತ್ತದೆ, ಗರಗಸದ ಹಲ್ಲು ತಿಂದದ್ದು ಹೋಗುತ್ತದೆ. ಉಳಿದದ್ದು ಗುಂಬ, ಅರ, ಹೊರಸುತ್ತು. ರೈತ ಕಣ್ಣಿಂದ ಕಾಣುವುದು ಗಾಲಿ. ಬಡಿಗ ದುಡ್ಡು ಕೊಡಬೇಕಾದದ್ದು ದಿಮ್ಮಿಗೆ. ಇನ್ನು ಕಮ್ಮಾರನ ಲೆಕ್ಕ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಐದು ಅಡಿ ಅಡ್ಡಳತೆಯ ಗಾಲಿಗೆ ಸುತ್ತಳತೆ ಹದಿನೈದೂಮುಕ್ಕಾಲು ಅಡಿಯಷ್ಟು. ಹಳಿಯ ಒಳಸುತ್ತನ್ನು ಇದಕ್ಕಿಂತ ತುಸು ಕಿರಿದಾಗಿಯೇ ಮಾಡಬೇಕು. ಹಾಗಾದರೆ ಮಾತ್ರ ಕಾದಾಗ ಹಿಗ್ಗಿದ ಹಳಿ ತಣಿದಾಗ ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಅಪ್ಪುತ್ತದೆ. ಹಾಗೆಂದು ಪಟ್ಟಿಯನ್ನು ಗಿಡ್ಡಾಗಿ ಕೊಂಡರೆ ಸಾಲದು. ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಬೆಸೆಯುವುದಕ್ಕೆ ಬೇರೆ ಉದ್ದ ಬೇಕು. ಬೆಂಕಿಯಲ್ಲಿ ಕೆಂಪಾದ ಕಬ್ಬಿಣದಿಂದ ಕಿಟ್ಟ ಉದುರುತ್ತದೆ. ಯಂತ್ರಶಿಲ್ಪದ ಪಠ್ಯಪುಸ್ತಕಗಳು ಕಾಯಿಸಿ ಬಡಿಯುವ ಕೆಲಸದಲ್ಲಿ ಈ ಕಿಟ್ಟದ ನಷ್ಟಕ್ಕಾಗಿ ನೂರಕ್ಕೆ ಆರರಷ್ಟು ತೂಕವನ್ನು ಹೆಚ್ಚಿಗೆ ಹಿಡಿಯಿರಿ ಎಂದು ಹೇಳುತ್ತವೆ. ಆ ಪುಸ್ತಕವನ್ನು ಎಂದೂ ನೋಡದ ಕಮ್ಮಾರನೂ ಕಿಟ್ಟದ ಪಾಲನ್ನು ತನ್ನ ಬೆಲೆಯಲ್ಲಿ ಸೇರಿಸಿಯೇ ಇರುತ್ತಾನೆ.

ಇಲ್ಲಿಂದ ವಿದ್ಯಾರ್ಥಿಗಳ ಮೋಟಾರು ಗಾಡಿಗೆ ಬರೋಣ. ಈ ಪಂದ್ಯದ ಮೂಲ ಅಮೆರಿಕೆಯಲ್ಲಿದೆ. ಅಲ್ಲಿಯ ಮೋಟಾರು ಇಂಜಿನಿಯರುಗಳ ಸಂಘವಾದ ಎಸ್.ಎ.ಇ. 1981ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಆವರಣದಲ್ಲಿ ‘ಫಾರ್ಮುಲಾ ಎಸ್.ಎ.ಇ.’ ಎಂಬ ಸ್ಪರ್ಧೆಯನ್ನು ಆರಂಭಿಸಿತು. 1998ರಲ್ಲಿ ಇಂಗ್ಲೆಂಡಿಗೂ 2006ರಲ್ಲಿ ಜರ್ಮನಿಗೂ ಅದು ಹಬ್ಬಿತು. ನಮ್ಮ ದೇಶದಲ್ಲಿ 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಒರಟು ನೆಲದ ಮೇಲೆ ಓಡುವ ಗಾಡಿಗಳ ‘ಬಾಹಾ’ ಸ್ಪರ್ಧೆಯೂ 2011ರಲ್ಲಿ ‘ಸುಪ್ರಾ’ ಎಂಬ ಓಟದ ಗಾಡಿಗಳ ಸ್ಪರ್ಧೆಯೂ ಮೊದಲಾದವು. ಆಮೇಲೆ ಕೊಯಮತ್ತೂರಿನ ಓಟದ ಹಾದಿಯಲ್ಲಿ ‘ಫಾರ್ಮುಲಾ ಭಾರತ’ವೂ ನಡೆಯತೊಡಗಿತು. ಕನ್ನಡ ನಾಡಿನಲ್ಲಿ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ತಮ್ಮ ತಂಡವನ್ನು ‘ಅಶ್ವ’ ಎಂದು ಕರೆದುಕೊಂಡರು. ಮಣಿಪಾಲದವರದು ‘ಫಾರ್ಮುಲಾ ಮಣಿಪಾಲ’.

ಓಟದ ಸ್ಪರ್ಧೆ ಎಂದೊಡನೆ ಮೊದಲು ಗುರಿ ಮುಟ್ಟಿದವನೇ ಗೆದ್ದವನು ಎಂದು ನಾವು ತಿಳಿಯುತ್ತೇವೆ. ಇಲ್ಲಿ ಹಾಗಿಲ್ಲ. ಒಟ್ಟು ಒಂದು ಸಾವಿರ ಅಂಕಗಳಲ್ಲಿ ಮುನ್ನೂರ ಇಪ್ಪತ್ತೈದು ಅಂಕಗಳು ಗಾಡಿ ನಿಂತಲ್ಲೇ ನಿಂತಿರುವಾಗ ದೊರೆಯುವಂಥವು. ಅವುಗಳಲ್ಲಿ ನೂರು ಅಂಕ ಬೆಲೆಯ ಲೆಕ್ಕಕ್ಕೆ ಮೀಸಲು. ಬಹುಕಾಲ ಅಲ್ಲಿಯ ನಿಯಮ ಹೀಗಿತ್ತು: ವಾರದ ಕೊನೆಗೆ ಹವ್ಯಾಸಕ್ಕಾಗಿ ಗಾಡಿ ಓಡಿಸುವವನೊಬ್ಬನಿಗೆ ಮಾರುವುದಕ್ಕೆಂದು ಒಂದು ಕಾರಖಾನೆ ದಿನಕ್ಕೆ ನಾಲ್ಕು ಗಾಡಿಗಳನ್ನು ಮಾಡುತ್ತದೆ, ಆ ಗಾಡಿಯ ವೆಚ್ಚ 25,000 ಡಾಲರಿಗಿಂತ ಕಡಿಮೆ ಇರಬೇಕು, ನೀವು ತಂದಿರುವುದು ಅದರ ಮಾದರಿ ಎಂದು ಭಾವಿಸಿ ಲೆಕ್ಕ ಕೊಡಿರಿ. ಅಂದರೆ ಕಣ್ಣ ಮುಂದಿರುವ ಗಾಡಿಗೆ ನಿಮ್ಮ ಕೈಯಿಂದ ಎಷ್ಟು ರೊಕ್ಕ ಹೋಯಿತೆಂಬುದು ಪ್ರಶ್ನೆಯಲ್ಲ. ಇಂಥದೇ ಇನ್ನೊಂದನ್ನು ಇನ್ನೊಬ್ಬರು ಮಾಡಿದರೆ ಎಷ್ಟಾಗುತ್ತದೆ ಎಂಬುದು ಪ್ರಶ್ನೆ. ಕೇಳುವುದಕ್ಕೆ ಚಿಕ್ಕದಾದ ಈ ವ್ಯತ್ಯಾಸದಲ್ಲಿಯೇ ಇಡೀ ವಿಷಯದ ತಿರುಳಿದೆ.

ಯಂತ್ರಶಿಲ್ಪ ಕಲಿಯುವ ಹುಡುಗರಿಗೆ ಅಂದಾಜು ಮತ್ತು ವೆಚ್ಚ ಗಣನೆಯ ಪಾಠ ಹೇಳಿ ನಾನು ಕೆಲವು ವರ್ಷ ಅನ್ನ ಉಂಡವನು. ಅವರು ಓಟದ ಗಾಡಿ ಕಟ್ಟಲು ತೊಡಗಿದಾಗ ಲೆಕ್ಕದ ಹಾಳೆ ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಂಡದಲ್ಲಿ ಈ ನಾಲ್ಕೂ ತಾಲೂಕಿನ ಮಕ್ಕಳಿದ್ದರು. ಅವರು ಎಡವುತ್ತಿದ್ದ ಜಾಗಗಳು ಹೆಚ್ಚುಕಡಿಮೆ ಎಲ್ಲರೂ ಎಡವುವ ಜಾಗಗಳೇ ಆದದ್ದರಿಂದ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ತೂಕ. ಗಾಲಿಯನ್ನು ಹಿಡಿದುಕೊಳ್ಳುವ ಒಂದು ಭಾಗವಿದೆ, ‘ಅಪ್‌ರೈಟ್’ ಎನ್ನುತ್ತಾರೆ. ಅದನ್ನು ಅಲ್ಯುಮಿನಿಯಮ್ಮಿನ ಗಟ್ಟಿಯಿಂದ ಕೊರೆದು ತೆಗೆಯುವುದು ರೂಢಿ. ಕೊರೆದು ಮುಗಿದ ಮೇಲೆ ತಕ್ಕಡಿಗೆ ಹಾಕಿದರೆ ಒಂಬೈನೂರು ಗ್ರಾಂ. ಹುಡುಗರು ಹಾಳೆಯಲ್ಲಿ ಒಂಬೈನೂರು ಗ್ರಾಂ ಎಂದೇ ಬರೆದರು. ಆದರೆ ಕೊಂಡ ಗಟ್ಟಿ ಯಾವುದು? ಇಪ್ಪತ್ತು ಸೆಂಟಿಮೀಟರು ಉದ್ದ, ಹನ್ನೆರಡು ಅಗಲ, ಆರು ದಪ್ಪ. ಗುಣಿಸಿದರೆ 1,440 ಘನ ಸೆಂಟಿಮೀಟರು. ಅಲ್ಯುಮಿನಿಯಮ್ಮಿನ ಒಂದು ಘನ ಸೆಂಟಿಮೀಟರು 2.7 ಗ್ರಾಂ ತೂಗುತ್ತದೆ. ಆದ್ದರಿಂದ ಗಟ್ಟಿಯ ತೂಕ ಸುಮಾರು 3.9 ಕಿಲೋ. ನಾಲ್ಕು ಗಾಲಿಗೆ ನಾಲ್ಕು ಗಟ್ಟಿ, ಹದಿನೈದೂವರೆ ಕಿಲೋ. ಗಾಡಿಯ ಮೇಲೆ ಏರುವುದು 3.6 ಕಿಲೋ. ಉಳಿದ ಹನ್ನೆರಡು ಕಿಲೋ ಹೊಳೆಯುವ ಚಕ್ಕೆ ಸುರುಳಿಗಳಾಗಿ ಯಂತ್ರದ ಕೆಳಗೆ ಬೀಳುತ್ತದೆ. ಆ ಚಕ್ಕೆಗೂ ನಾವು ಬೆಲೆ ಕೊಟ್ಟಿದ್ದೇವೆ. ಗುಜರಿಗೆ ಹಾಕಿ ನಾಲ್ಕು ಕಾಸು ಬಂದರೆ ಅದನ್ನು ಜಮಾ ಬದಿಗೆ ಬೇರೆಯಾಗಿ ಬರೆಯಬಹುದು. ಖರ್ಚಿನ ಬದಿಯಿಂದ ಅಳಿಸಲಾಗದು. ಜಾಲಿಯ ದಿಮ್ಮಿಯನ್ನು ನೋಡುವ ಬಡಿಗನ ಕಣ್ಣು ಇಲ್ಲಿಯೂ ಬೇಕು.

ಎರಡನೆಯದು ಉದ್ದ. ಗಾಡಿಯ ಹಂದರವನ್ನು ಉಕ್ಕಿನ ಕೊಳವೆಗಳಿಂದ ಕಟ್ಟುತ್ತಾರೆ. ಸವಾರನ ತಲೆಯ ಹಿಂದೆ ಕಮಾನಿನಂತೆ ನಿಂತು, ಗಾಡಿ ಮಗುಚಿದರೆ ಅವನ ಜೀವ ಕಾಯುವ ಕೊಳವೆಯನ್ನು ನಡುವೆ ಎಲ್ಲಿಯೂ ಜೋಡಿಸಕೂಡದು, ಒಂದೇ ಅಖಂಡ ತುಂಡಾಗಿರಬೇಕು ಎಂಬುದು ನಿಯಮ. 25.4 ಮಿಲಿಮೀಟರು ಹೊರ ಅಳತೆ, 2.4 ಮಿಲಿಮೀಟರು ದಪ್ಪದ ಉಕ್ಕಿನ ಕೊಳವೆ ಮೀಟರಿಗೆ 1.36 ಕಿಲೋ ತೂಗುತ್ತದೆ. ಪೇಟೆಯಲ್ಲಿ ಕೊಳವೆ ಸಿಗುವುದು ಆರು ಮೀಟರಿನ ಉದ್ದದಲ್ಲಿ. ಈಗ 2.1 ಮೀಟರಿನ ಐದು ತುಂಡು ಬೇಕೆಂದು ಇಟ್ಟುಕೊಳ್ಳಿ. ಶಾಲೆಯ ಗಣಿತ ಹೇಳುವುದು: ಒಟ್ಟು ಹತ್ತೂವರೆ ಮೀಟರು, ಎರಡು ಕೊಳವೆ ಸಾಕು. ಗರಗಸ ಹೇಳುವುದು ಬೇರೆ: ಒಂದು ಕೊಳವೆಗೆ ಎರಡೇ ತುಂಡು, 1.8 ಮೀಟರು ಮಿಗುತ್ತದೆ. ಐದು ತುಂಡಿಗೆ ಮೂರು ಕೊಳವೆ ಬೇಕು. ಹಾಳೆಯ ಮೇಲೆ ಹದಿನಾಲ್ಕು ಕಿಲೋ ಇದ್ದದ್ದು ಅಂಗಡಿಯಲ್ಲಿ ಇಪ್ಪತ್ತನಾಲ್ಕೂವರೆ ಕಿಲೋ ಆಯಿತು. ಮಿಕ್ಕ 1.8 ಮೀಟರಿನಲ್ಲಿ ಯಾವ ಸಣ್ಣ ಆಸರೆಗಳು ಹುಟ್ಟುತ್ತವೆ ಎಂಬುದನ್ನು ಕೊಳ್ಳುವ ಮೊದಲೇ ಹಾಳೆಯ ಮೇಲೆ ಕೂಡಿಸಿ ನೋಡಬೇಕು. ಒಳ್ಳೆಯ ಸಿಂಪಿಗ ಕತ್ತರಿ ಹಿಡಿಯುವ ಮುನ್ನ ಅರಿವೆಯ ಮೇಲೆ ಸುಣ್ಣದಿಂದ ಗೆರೆ ಎಳೆದು, ತೋಳು ಎಲ್ಲಿ, ಕಿಸೆ ಎಲ್ಲಿ ಎಂದು ನೋಡುವುದಿಲ್ಲವೇ? ಹಾಗೆ.

ಮೂರನೆಯದು, ಬೇಕಾದದ್ದು ಮತ್ತು ಸಿಗುವುದು. ನಕ್ಷೆಯಲ್ಲಿ 2.4 ಎಂದು ಬರೆಯುವುದು ಸುಲಭ. ಅಂಗಡಿಯಲ್ಲಿ ಆ ದಪ್ಪ ಇಲ್ಲದಿದ್ದರೆ 3 ಮಿಲಿಮೀಟರಿನದನ್ನು ತರಬೇಕಾಗುತ್ತದೆ. ಮೀಟರಿನ ತೂಕ 1.36ರಿಂದ 1.66 ಕಿಲೋಕ್ಕೆ ಏರುತ್ತದೆ. ಐದನೆಯ ಒಂದು ಪಾಲಿಗಿಂತ ಹೆಚ್ಚಿನ ಈ ಭಾರಕ್ಕೆ ಎರಡು ಸಲ ದಂಡ: ಒಮ್ಮೆ ಅಂಗಡಿಯಲ್ಲಿ, ಇನ್ನೊಮ್ಮೆ ಓಟದ ಹಾದಿಯಲ್ಲಿ. ಆದ್ದರಿಂದ ನಕ್ಷೆ ಮುಗಿದ ಮೇಲೆ ಪೇಟೆಗೆ ಹೋಗುವುದಲ್ಲ. ನಕ್ಷೆ ಬರೆಯುವ ಮೊದಲೇ ಹೋಗಿ ಬರಬೇಕು. ಬೈಲಹೊಂಗಲದ ಅಂಗಡಿಯಲ್ಲಿ ಏನಿದೆ, ಹುಬ್ಬಳ್ಳಿಯಲ್ಲಿ ಏನಿದೆ, ಬೆಳಗಾವಿಯ ಉದ್ಯಮಬಾಗದಲ್ಲಿ ಏನಿದೆ, ಎಂದು ಕೇಳಿ ಬರೆದುಕೊಳ್ಳಬೇಕು. ಬೆಲೆಯ ಮುಂದೆ ನೂರಕ್ಕೆ ಹದಿನೆಂಟರ ತೆರಿಗೆ, ಸಾಗಣೆಯ ಬಾಡಿಗೆ, ಗಾಡಿಗೆ ಏರಿಸಿ ಇಳಿಸಿದವರ ಕೂಲಿ ಇವೂ ಸೇರಬೇಕು.

ನಾಲ್ಕನೆಯದು ಎಲ್ಲಕ್ಕಿಂತ ತೊಡಕಿನದು. ಅದನ್ನು ಕುರಿತೇ ಹುಡುಗರಲ್ಲಿ ಒಂದು ಸಂಜೆ ಜೋರಾದ ವಾದ ನಡೆಯಿತು. ಆ ನಾಲ್ಕು ಅಲ್ಯುಮಿನಿಯಮ್ ಗಟ್ಟಿಗಳನ್ನು ಅವರು ಕೊಂಡಿರಲಿಲ್ಲ. ಕಾರಖಾನೆಯ ಯಜಮಾನರೊಬ್ಬರು ಮಕ್ಕಳ ಹುರುಪನ್ನು ಮೆಚ್ಚಿ ಹಾಗೆಯೇ ಕೊಟ್ಟಿದ್ದರು. ಲೆಕ್ಕದ ಹಾಳೆ ಬರೆಯುತ್ತಿದ್ದವಳು ರಾಮದುರ್ಗದ ಕಡೆಯ ನೇಕಾರರ ಮನೆಯ ಹುಡುಗಿ. ಅವಳು ಗಟ್ಟಿಗಳ ಮುಂದೆ ಪೇಟೆಯ ಪೂರ್ತಿ ಬೆಲೆ ಬರೆದಿದ್ದಳು. ಸವದತ್ತಿಯ ಹುಡುಗ ತಕರಾರು ಎತ್ತಿದ:

“ಅಲ್ಲ, ಅದು ನಮಗ ಪುಕ್ಕಟೆ ಬಂದೈತಿ. ಕೊಡದ ರೊಕ್ಕಾ ಯಾಕ ಬರೀಬೇಕು? ನಮ್ಮ ಗಾಡಿ ಸೋವಿ ಆಗೋದು ಬಿಟ್ಟು ತುಟ್ಟಿ ಆಗ್ತದ.”

ಅವಳು ತಲೆ ಎತ್ತದೆ ಉತ್ತರಿಸಿದಳು: “ನಮಗ ಪುಕ್ಕಟೆ ಬಂದೈತಿ, ಖರೆ. ಕೊಟ್ಟವರಿಗೆ ಪುಕ್ಕಟೆ ಬಂದಿತ್ತೇನು?”

ಮತ್ತೆ ನನ್ನ ಕಡೆ ತಿರುಗಿ, “ನೀವ ಹೇಳ್ರಿ ಸರ್. ಮುಂದಿನ ವರ್ಷ ನಮ್ಮ ಹಿಂದಿನವ್ರು ಇದ ಹಾಳಿ ನೋಡಿ ಗಾಡಿ ಕಟ್ಟಾಕ ನಿಂತ್ರಂದ್ರ, ಅವರಿಗೆ ಗಟ್ಟಿ ಯಾರು ಕೊಡ್ತಾರ್ರಿ?” ಎಂದಳು.

ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಸ್ಪರ್ಧೆಯ ನಿಯಮವೂ ಅವಳ ಪಕ್ಷದಲ್ಲೇ ಇದೆ: ದಾನವಾಗಿ ಬಂದ ವಸ್ತುವಿಗೂ ಪೂರ್ತಿ ಬೆಲೆಯನ್ನೇ ಹಿಡಿಯಬೇಕು. ಆದರೆ ಅವಳು ನಿಯಮದ ಪುಸ್ತಕದಿಂದ ಮಾತನಾಡಿರಲಿಲ್ಲ. ದಾನ ಎಂಬುದು ಒಮ್ಮೆ ನಡೆಯುವ ಸಂಗತಿ. ಅದನ್ನು ನೆನೆಯಬೇಕು, ಕೃತಜ್ಞತೆಯಿಂದ ಬೇರೆ ಹಾಳೆಯಲ್ಲಿ ಬರೆದಿಡಬೇಕು. ಲೆಕ್ಕದಲ್ಲಿ ಸೊನ್ನೆ ಬರೆದರೆ ಕೊಟ್ಟವರ ಕೈಯನ್ನೇ ಅಳಿಸಿದಂತಾಗುತ್ತದೆ. ಮುಂದೆ ಕಟ್ಟುವವರನ್ನು ಮೋಸಗೊಳಿಸಿದಂತೆಯೂ ಆಗುತ್ತದೆ.

ಇದರಿಂದ ಆದದ್ದೇನು? ಹಾಳೆ ಪೂರ್ತಿಯಾದಾಗ ಮೊತ್ತ ಕಂಡು ಹುಡುಗರ ಮುಖ ಬಾಡಿತು. ಅದರಲ್ಲಿ ಅವರ ತಂದೆತಾಯಿಗಳ ಹಣವಿತ್ತು. ಒಬ್ಬನ ಪಾಲು ಸೋಯಾ ಮಾರಿದ ದುಡ್ಡಿನಿಂದ ಬಂದಿತ್ತು. ಇನ್ನೊಬ್ಬಳದು ಸಂಘದ ಸಾಲದಿಂದ. ಲೆಕ್ಕ ಸುಳ್ಳಾದರೆ ಗಾಡಿ ಅರ್ಧಕ್ಕೆ ನಿಲ್ಲುವುದು, ಆಗ ಮತ್ತೆ ಅದೇ ಮನೆಗಳಿಗೆ ಕೈ ಚಾಚಬೇಕಾಗುವುದು. ಎರಡು ದಿನ ಮೌನವಾಗಿದ್ದು, ಮೂರನೆಯ ದಿನ ಅವರು ಹಾಳೆಯನ್ನು ಬಿಟ್ಟು ನಕ್ಷೆಯನ್ನು ಕೈಗೆತ್ತಿಕೊಂಡರು. ಹನ್ನೆರಡು ಕಿಲೋ ಚಕ್ಕೆ ಮಾಡುವ ಭಾಗವನ್ನು ಬೇರೆ ರೀತಿಯಲ್ಲಿ ಮಾಡಬಹುದೇ? ತೆಳು ಉಕ್ಕಿನ ತಗಡನ್ನು ಕತ್ತರಿಸಿ, ಮಡಿಸಿ, ಪೆಟ್ಟಿಗೆಯಂತೆ ಬೆಸೆದರೆ? ಹಾಗೆ ಮಾಡಿದ ಭಾಗ ಪ್ರತಿ ಗಾಲಿಗೆ ತುಸು ಭಾರವಾಯಿತು. ಆದರೆ ಕೊಂಡ ತಗಡಿನ ಬಹುಪಾಲು ಗಾಡಿಯ ಮೇಲೆಯೇ ಉಳಿಯಿತು. ಬೈಲಹೊಂಗಲದ ಕಮ್ಮಾರರ ಮನೆಯ ಹುಡುಗನ ಕೈಗೆ ಬೆಸುಗೆ ಒಲಿದಿತ್ತು. ದಾನದ ಗಟ್ಟಿಗಳಲ್ಲಿ ಎರಡನ್ನು, ಬೇರೆ ದಾರಿಯಿಲ್ಲದ ಭಾಗಗಳಿಗೆ ಇಟ್ಟುಕೊಂಡು, ಎರಡನ್ನು ಅವರು ಯಜಮಾನರಿಗೆ ಒಯ್ದು ಮರಳಿ ಕೊಟ್ಟರು. ನಿಜವಾದ ಅಂದಾಜು ಮಾಡುವ ಉಪಕಾರ ಇದೇ. ಸೊನ್ನೆ ಬರೆದಿದ್ದರೆ ನಕ್ಷೆಯನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ. ಬೆಲೆ ಕಂಡದ್ದರಿಂದ ಬುದ್ಧಿ ಕೆಲಸ ಮಾಡಿತು.

ಆ ಹುಡುಗಿಗೆ ಈ ಕಣ್ಣು ಎಲ್ಲಿಂದ ಬಂತು ಎಂದು ನಾನು ಆಮೇಲೆ ಕೇಳಿದೆ. ಅವಳು ತನ್ನ ಮನೆಯ ಸೀರೆಯ ಲೆಕ್ಕ ಹೇಳಿದಳು. ಹಾಸಿನ ನೂಲು, ಹೊಕ್ಕಿನ ನೂಲು, ಬಣ್ಣ, ಇಷ್ಟನ್ನು ಕಳೆದು ಉಳಿದದ್ದು ಲಾಭವೆಂದು ಅಪ್ಪ ಎಣಿಸುತ್ತಾನೆ. ನಸುಕಿನಿಂದ ಕಂಡಿಕೆ ಸುತ್ತುವ ಅವ್ವನ ಕೆಲಸ, ತುಂಡಾದ ಎಳೆ ಕೂಡಿಸುವ ಅಜ್ಜಿಯ ಕೆಲಸ ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. “ಅವ್ವನ ದುಡಿಮಿ ಪುಕ್ಕಟೆ ಅಂತ ಹಿಡಿದಿದ್ದಕ್ಕನ ಸೀರಿ ಸೋವಿ ಆಗೇತ್ರಿ ಸರ್” ಎಂದಳು. ಆ ಮಾತಿಗೆ ಉತ್ತರ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ನೇಕಾರರಷ್ಟೇ ಅಲ್ಲ, ಒಕ್ಕಲಿಗರ ಪಾಡೂ ಇದೇ. ಬೆಳೆಗಳ ಬೆಂಬಲ ಬೆಲೆಯನ್ನು ಸೂಚಿಸುವುದಕ್ಕೆ 1965ರಲ್ಲಿ ಹುಟ್ಟಿ, 1985ರಿಂದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೆಂದು ಕರೆಸಿಕೊಂಡ ಸಂಸ್ಥೆಯ ವರದಿಗಳನ್ನು ನೋಡಿದರೆ, ಒಂದೇ ಬೆಳೆಗೆ ಒಂದಕ್ಕಿಂತ ಹೆಚ್ಚು ವೆಚ್ಚಗಳು ಕಾಣುತ್ತವೆ. ರೈತ ಕೈಯಿಂದ ಕೊಟ್ಟ ವೆಚ್ಚ ‘ಎ-2’. ಅದರೊಂದಿಗೆ ಮನೆಮಂದಿಯ ದುಡಿಮೆಗೂ ಬೆಲೆ ಕಟ್ಟಿದರೆ ಇನ್ನೊಂದು ಅಂಕಿ. ಸ್ವಂತ ಭೂಮಿಯ ಗೇಣಿಯನ್ನೂ ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ‘ಸಿ-2’ ಎಂಬ ಮೂರನೆಯ ಅಂಕಿ. 2018ರ ಕೇಂದ್ರ ಮುಂಗಡಪತ್ರದಿಂದೀಚೆಗೆ ಬೆಂಬಲ ಬೆಲೆಯನ್ನು ನಡುವಿನ ಅಂಕಿಯ ಒಂದೂವರೆ ಪಟ್ಟು ಎಂದು ಹಿಡಿಯುತ್ತಾರೆ. ಮೂರನೆಯದನ್ನು ಹಿಡಿಯಬೇಕೆಂಬುದು ರೈತ ಸಂಘಟನೆಗಳ ಬೇಡಿಕೆ. ದಿಲ್ಲಿಯವರೆಗೂ ಹೋದ ಈ ಜಗಳದ ಒಳಗೆ ಇರುವುದು ಗಾಡಿಮನೆಯ ಆ ಸಂಜೆಯ ಪ್ರಶ್ನೆಯೇ. ಕೈಯಿಂದ ರೊಕ್ಕ ಕೊಡದೆ ಬಂದದ್ದಕ್ಕೆ ಬೆಲೆ ಬರೆಯಬೇಕೇ, ಬೇಡವೇ?

ಬರೆಯಬೇಕು ಎಂಬುದೇ ನನ್ನ ಅಭಿಪ್ರಾಯ. ಎಲ್ಲವನ್ನೂ ಹಣದಿಂದ ಅಳೆಯಬೇಕೆಂದು ನಾನು ಹೇಳುತ್ತಿಲ್ಲ. ತಾಯಿಯ ದುಡಿಮೆಗೆ ಕೂಲಿ ಕೊಡುವುದು ಯಾರಿಂದಲೂ ಆಗದ ಮಾತು. ಆದರೆ ಲೆಕ್ಕದ ಹಾಳೆಯಲ್ಲಿ ಒಂದು ಸಾಲು ಬರೆಯದೆ ಬಿಟ್ಟರೆ, ಆ ವಸ್ತು ಅಥವಾ ಆ ದುಡಿಮೆ ಇರಲೇ ಇಲ್ಲವೆಂದು ಮುಂದೆ ಓದುವವನು ತಿಳಿಯುತ್ತಾನೆ. ಹಾಗೆ ತಿಳಿದೇ ಬೆಲೆ ಕಟ್ಟುತ್ತಾನೆ. ಹಾಗೆ ಕಟ್ಟಿದ ಬೆಲೆಯಲ್ಲಿ ಯಾರೋ ಒಬ್ಬರು ಬಾಯಿ ಬಿಡದೆ ನಷ್ಟ ಉಣ್ಣುತ್ತಿರುತ್ತಾರೆ.

ಇಂಥ ಗಾಡಿ ಕಟ್ಟುವ ಮಕ್ಕಳು ಈಗ ನಮ್ಮ ಸೀಮೆಯಲ್ಲಿಯೂ ಇದ್ದಾರೆ. ವರ್ಷವಿಡೀ ನಿದ್ದೆಗೆಟ್ಟು, ಕೈ ಸುಟ್ಟುಕೊಂಡು, ಕೆಲವೇ ನಿಮಿಷದ ಓಟಕ್ಕಾಗಿ ಅವರು ಪಡುವ ಪಾಡನ್ನು ಕಂಡು ಊರವರು ನಗುವುದೂ ಉಂಟು. ನಾನು ಅವರಿಗೆ ಹೇಳುವುದು ಇಷ್ಟೇ. ಗಾಡಿ ಎಷ್ಟು ವೇಗವಾಗಿ ಓಡಿತೆಂಬುದನ್ನು ಜನ ಎರಡು ವರ್ಷದಲ್ಲಿ ಮರೆಯುತ್ತಾರೆ. ನೀವು ಬರೆದಿಟ್ಟ ಲೆಕ್ಕದ ಹಾಳೆ ನಿಮ್ಮ ಹಿಂದೆ ಬರುವವರ ಕೈಗೆ ಸಿಗುತ್ತದೆ. ಅದರಲ್ಲಿ ಚಕ್ಕೆಯ ತೂಕವಿರಲಿ, ಮಿಕ್ಕ ಕೊಳವೆಯ ಉದ್ದವಿರಲಿ, ಸಾಗಣೆಯ ಬಾಡಿಗೆಯಿರಲಿ, ದಾನ ಕೊಟ್ಟವರ ಗಟ್ಟಿಯ ಬೆಲೆಯಿರಲಿ. ಅದನ್ನು ನಂಬಿ ಅವರು ತಮ್ಮ ಮನೆಯಲ್ಲಿ ಎಷ್ಟು ರೊಕ್ಕ ಕೇಳಬೇಕೆಂಬುದನ್ನು ಗೊತ್ತು ಮಾಡಿಕೊಳ್ಳುತ್ತಾರೆ.